ಹಶಿರು, ಇಸೊಗು ಮತ್ತು ಮೆಟ್ರಿಯ ಕಾಲುವೆ ದಾರಿ

ಓಟಕ್ಕೂ ಅವಸರಕ್ಕೂ ಸಂಬಂಧಿಸಿದ ಜಪಾನಿ ಪದಗಳನ್ನು ನಾನು ಕಲಿತದ್ದು ಹಂಪಿಯ ಮಗ್ಗುಲಿನ ಕಮಲಾಪುರದಲ್ಲಿ, ಒಂದು ಮನೆಯ ಮುಂದಿನ ಕಟ್ಟೆಯ ಮೇಲೆ. ಕಲಿಸಿದವರು ಜಪಾನಿನ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ. ಪ್ರತಿ ಚಳಿಗಾಲ ಅವರು ಹಂಪಿಗೆ ಬಂದು, ಆ ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಬೆಳಗಿನ ಹೊತ್ತು ಮಂಟಪಗಳ ಕಂಬಗಳನ್ನು ಪೆನ್ಸಿಲಿನಲ್ಲಿ ಚಿತ್ರಿಸುತ್ತಿದ್ದರು. ಸಂಜೆ ಅವರಿಗೆ ಬಿಡುವು. ನಾನು ಹೊಸಪೇಟೆಯಿಂದ ಬಸ್ಸು ಹತ್ತಿ ಹೋಗುತ್ತಿದ್ದೆ. ಅವರು ನನಗೆ ಜಪಾನಿ ಹೇಳಿಕೊಡುತ್ತಿದ್ದರು, ನಾನು ಅವರಿಗೆ ಕನ್ನಡ.

ಜಪಾನಿ ಕಲಿಯಹೊರಟದ್ದಕ್ಕೆ ಕಾರಣವಿತ್ತು. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ, ಹಿಟ್ಟಿನ ಗಿರಣಿಯೊಂದರ ಮೇಲಿನ ದೊಡ್ಡ ಕೋಣೆಯಲ್ಲಿ, ನಾನು ಉಚಿತ ತರಗತಿ ನಡೆಸುತ್ತೇನೆ. ಸಂಜೆ ಶಾಲಾ ಮಕ್ಕಳಿಗೆ, ಭಾನುವಾರ ಸರ್ಕಾರಿ ಹುದ್ದೆಗಳ ಪರೀಕ್ಷೆ ಬರೆಯುವವರಿಗೆ. ಓದಲು ಬಂದವರೇ ಕೋಣೆಯನ್ನು ಗುಡಿಸಿ ಒರೆಸಬೇಕೆಂಬುದು ನಾನು ತಂದ ನಿಯಮ. ಪಾಲಕರ ಸಭೆಯಲ್ಲಿ ಅದನ್ನು ಸಮರ್ಥಿಸುತ್ತ, ಜಪಾನಿನ ಶಾಲೆಗಳಲ್ಲಿ ಮಕ್ಕಳೇ ಕಸ ಗುಡಿಸುತ್ತಾರೆ ಎಂದೆ. "ನೀವು ಕಣ್ಣಾರೆ ನೋಡೀರೇನ್ರಿ ಸರ್?" ಎಂದು ಒಬ್ಬ ತಾಯಿ ಕೇಳಿದರು. ನೋಡಿರಲಿಲ್ಲ. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು ನಾನು; ಆಧಾರವಿಲ್ಲದ ಮಾತಿಗೆ ವೇದಿಕೆಯ ಮೇಲೆ ಎಷ್ಟು ಆಯುಷ್ಯವೆಂದು ಬಲ್ಲೆ. ಆದ್ದರಿಂದ ಬಲ್ಲವರನ್ನೇ ಹುಡುಕಿಕೊಂಡು ಹೋದೆ. ಕಸದ ಪ್ರಶ್ನೆ ಮೊದಲ ಸಂಜೆಯೇ ತೀರಿತು. "ಹೌದು, ಗುಡಿಸುತ್ತಾರೆ, ಕೆಲವರು ಗುಡಿಸಿದಂತೆ ನಟಿಸುತ್ತಾರೆ" ಎಂದರು ಆ ಶಿಕ್ಷಕಿ. ಭಾಷೆಯ ನಂಟು ಮಾತ್ರ ಉಳಿದುಕೊಂಡಿತು.

ಅವರು ಪದಗಳನ್ನು ಗುಂಪು ಗುಂಪಾಗಿ ಕಲಿಸುತ್ತಿದ್ದರು. ಒಂದು ವಾರ ಅಡುಗೆಯ ಪದಗಳು, ಇನ್ನೊಂದು ವಾರ ನೀರಿನ ಪದಗಳು. ಓಟದ ವಾರ ಬಂದಾಗ ಕಟ್ಟೆಯಿಂದ ಇಳಿದು, ಓಣಿಯಲ್ಲಿಯೇ ಒಂದೊಂದನ್ನೂ ಮಾಡಿ ತೋರಿಸಿದರು. ‘ಹಶಿರು’ ಎಂದರೆ ಓಡುವುದು. ಕಾಲುಗಳ ಕೆಲಸ, ಅಷ್ಟೇ. ‘ಇಸೊಗು’ ಎಂದರೆ ಅವಸರಪಡುವುದು. ಅದಕ್ಕೆ ಕಾಲು ಬೇಕೆಂದೇನೂ ಇಲ್ಲ, ಕುಳಿತು ಬಟ್ಟೆ ಹೊಲಿಯುವವರೂ ಇಸೊಗು ಮಾಡಬಹುದು. ‘ಅವತೆರು’ ಎಂದರೆ ಗಡಿಬಿಡಿಯಲ್ಲಿ ಬಲಗಾಲಿನ ಚಪ್ಪಲಿಯನ್ನು ಎಡಗಾಲಿಗೆ ಹಾಕಿಕೊಳ್ಳುವಂಥ ಸ್ಥಿತಿ. ‘ಕಕೆಕೊಮು’ ಎಂದರೆ ಬಾಗಿಲು ಮುಚ್ಚುವಷ್ಟರಲ್ಲಿ ರೈಲಿನೊಳಕ್ಕೆ ನುಗ್ಗುವುದು. ‘ಕೊಬಶಿರಿ’ ಎಂದರೆ ಪುಟ್ಟ ಪುಟ್ಟ ಹೆಜ್ಜೆಯ ಓಟ. ದಾರಿ ದಾಟಲೆಂದು ಯಾರಾದರೂ ಕಾರು ನಿಲ್ಲಿಸಿದರೆ, ಅವರನ್ನು ಕಾಯಿಸಬಾರದೆಂಬ ಸೌಜನ್ಯಕ್ಕೆ ತುಸು ತಲೆಬಾಗಿ ಹಾಗೆ ಓಡಿ ದಾಟುತ್ತಾರಂತೆ. ‘ಕಕೆತ್ಸುಕೆರು’ ಎಂದರೆ ಯಾರಿಗೋ ಏನೋ ಆಯಿತೆಂದು ಕೇಳಿ ಅಲ್ಲಿಗೆ ಧಾವಿಸುವುದು.

ಅರವತ್ತು ದಾಟಿದ ಆ ಹೆಂಗಸು ಓಣಿಯಲ್ಲಿ ಹಿಂದಕ್ಕೂ ಮುಂದಕ್ಕೂ ಓಡುವುದನ್ನು ಕಂಡು ಮನೆಯ ಯಜಮಾನಿ ಕೋಲು ಹಿಡಿದು ಹೊರಗೆ ಬಂದರು.

"ಏನಾತ್ರಿ ಮೇಡಮ್ಮಾರ? ಹಾವೇನ್ರಿ?"

"ಹಾವಲ್ಲಮ್ಮ, ಪಾಠ" ಎಂದೆ.

"ಪಾಠಕ್ಕ ಯಾರರ ಹಿಂಗ ಓಡ್ತಾರೇನ್ರಿ?" ಎಂದವರು ಕೋಲನ್ನು ಕೆಳಗಿಡದೆ, ಚರಂಡಿಯ ಅಂಚನ್ನೆಲ್ಲ ಒಮ್ಮೆ ಬಡಿದು ನೋಡಿಯೇ ಒಳಗೆ ಹೋದರು.

ಆಮೇಲೆ ಶಿಕ್ಷಕಿ ‘ಯುಕ್ಕುರಿ ಹಶಿರು’ ಎಂದರು. ನಿಧಾನವಾಗಿ ಓಡುವುದು. ನಾನು ಆಕ್ಷೇಪಿಸಿದೆ: ನಿಧಾನವಾಗಿ ಹೋಗುವುದಾದರೆ ನಡೆದರಾಯಿತಲ್ಲ, ಓಡುವುದೇಕೆ? ಅವರು ನಕ್ಕರು. ತಮ್ಮ ಊರಿನಲ್ಲಿ ಅವರು ದಿನವೂ ಬೆಳಿಗ್ಗೆ ಹೊಳೆಯ ದಂಡೆಗುಂಟ ಹಾಗೆಯೇ ಓಡುತ್ತಾರಂತೆ. ಎಲ್ಲಿಗೂ ಹೋಗುವುದಕ್ಕಲ್ಲ, ಯಾವ ಅವಸರವೂ ಇಲ್ಲ. ನಮ್ಮ ಭಾಷೆಗೆ ಪದಗಳ ಬಡತನವೇನೂ ಇಲ್ಲ. ಓಡು, ಧಾವಿಸು, ಅವಸರ, ಗಡಿಬಿಡಿ, ಲಗುಬಗೆ, ಎಲ್ಲವೂ ಇವೆ. ಆದರೆ ದಾರಿಯಲ್ಲಿ ಓಡುವ ಮನುಷ್ಯನನ್ನು ಕಂಡ ಗಳಿಗೆಯಲ್ಲಿ ನಮ್ಮವರ ಮನಸ್ಸಿಗೆ ಇವೆಲ್ಲ ಒಂದೇ ಆಗಿಬಿಡುತ್ತವೆ: ಓಡುತ್ತಿದ್ದಾನೆಂದರೆ ಏನೋ ಆಗಿದೆ. ಇದನ್ನು ಯೋಚಿಸುತ್ತಿದ್ದಂತೆ ನನಗೆ ಮೆಟ್ರಿಯಿಂದ ಬರುತ್ತಿದ್ದ ವಿದ್ಯಾರ್ಥಿನಿಯ ಸಂಕಟ ಇದೇ ಎಂದು ಹೊಳೆಯಿತು.

ಮೆಟ್ರಿ ಕಂಪ್ಲಿ ತಾಲ್ಲೂಕಿನ ಊರು. ಕಾಲುವೆಯ ನೀರಿನ ಭತ್ತದ ಸೀಮೆ. ಅವಳ ತಂದೆ ಅಲ್ಲಿ ಬೇಸಾಯಗಾರ. ತಾಯಿಯ ತವರು ಸಂಡೂರಿನ ಗುಡ್ಡದ ಬುಡದ ಒಂದು ಹಳ್ಳಿ. ಚಿಕ್ಕಂದಿನಲ್ಲಿ ಅಲ್ಲಿನ ಕಾಡಿನಲ್ಲಿ ಅಡ್ಡಾಡಿ ಬೆಳೆದ ಅವಳಿಗೆ ಅರಣ್ಯ ರಕ್ಷಕಿಯಾಗಬೇಕೆಂಬುದೊಂದೇ ಆಸೆ. ಅಂಕಗಳ ಬಲದಿಂದ ಮೊದಲ ಹಂತ ದಾಟಿದ್ದಳು. ಉಳಿದದ್ದು ದೈಹಿಕ ಪರೀಕ್ಷೆ. ಹಿಂದೊಮ್ಮೆ ಇದೇ ಹಂತದಲ್ಲಿ, ಓಟದ ಕೊನೆಯ ಗೆರೆ ಇನ್ನೂ ಮುಂದಿರುವಾಗಲೇ ಸಮಯ ಮುಗಿದ ಸೀಟಿ ಊದಿದ್ದರಿಂದ ಹೊರಬಿದ್ದಿದ್ದಳು. ವಯಸ್ಸಿನ ಮಿತಿಯ ಪ್ರಕಾರ ಈ ಸಲದ್ದೇ ಅವಳ ಕೊನೆಯ ಅವಕಾಶ.

ಅಭ್ಯಾಸ ಹೇಗೆ ನಡೆದಿದೆ ಎಂದು ತರಗತಿಯಲ್ಲಿ ಕೇಳಿದ್ದೆ.

"ಓಡಾಕ ಬಿಡವಲ್ರು ಸರ್."

"ಯಾರು? ಮನೆಯವರೇ?"

"ಮನ್ಯಾಗ ಯಾರೂ ಏನೂ ಅಂದಿಲ್ರಿ. ಊರೋರು. ಅಂದ್ರ, ಅವರೂ ಓಡಬ್ಯಾಡ ಅನ್ನಂಗಿಲ್ಲ. ಗಾಡಿ ನಿಲ್ಲಿಸ್ತಾರ."

ವಿಷಯ ಇಷ್ಟು. ನಸುಕಿನಲ್ಲಿ ಅವಳು ಕಾಲುವೆ ದಾರಿಯಲ್ಲಿ ಓಡಲು ತೊಡಗುತ್ತಾಳೆ. ಹಾಲಿನ ಕ್ಯಾನು ಕಟ್ಟಿಕೊಂಡ ಬೈಕಾಗಲಿ, ಗದ್ದೆಗೆ ಹೊರಟ ಟ್ರ್ಯಾಕ್ಟರಾಗಲಿ ಪಕ್ಕದಲ್ಲಿ ಬಂದು ನಿಲ್ಲುತ್ತದೆ. "ಯಾಕವ್ವ, ಯಾರಿಗೇನಾತು? ಹತ್ತು, ಎಲ್ಲಿಗೆ ಬಿಡ್ಲಿ?" ಹಿರಿಯರು ಗಾಡಿ ನಿಲ್ಲಿಸಿ ಮಾತನಾಡಿಸಿದ ಮೇಲೆ ಓಡುತ್ತಲೇ ಉತ್ತರಿಸುವುದು ಮರ್ಯಾದೆಯಲ್ಲ. ನಿಂತು, ಉಸಿರು ಹಿಡಿದು, ಪರೀಕ್ಷೆಯ ಸಂಗತಿ ವಿವರಿಸಬೇಕು. ವಿವರಿಸಿದರೂ ಅವರು ಪೂರ್ತಿ ನಂಬುವುದಿಲ್ಲ. ಹುಡುಗಿ ಏನನ್ನೋ ಮುಚ್ಚಿಡುತ್ತಿದ್ದಾಳೆಂದು ಅವಳ ತಂದೆಗೆ ಫೋನು ಮಾಡುತ್ತಾರೆ. ಅದಕ್ಕಿಂತ ಹತ್ತಿಬಿಡುವುದೇ ಸುಲಭವೆಂದು ಅವಳು ಹತ್ತುತ್ತಾಳೆ, ಮುಂದಿನ ಸೇತುವೆಯಲ್ಲಿ ಇಳಿಯುತ್ತಾಳೆ.

"ಇಳದು ಮತ್ತ ಓಡಾಕ ಹತ್ತಿದ್ರ, ಹಿಂದ ಬಂದೋರು ನಿಲ್ಲಿಸಿ, ‘ಟ್ರ್ಯಾಕ್ಟರ್‌ನ್ಯಾಗಿಂದ ಬಿದ್ದೇನವ್ವ?’ ಅಂತ ಕೇಳ್ತಾರ್ರಿ."

ಇಡೀ ತರಗತಿ ನಕ್ಕಿತು. ಅವಳೂ ನಕ್ಕಳು. ಆಮೇಲೆ ತಲೆ ತಗ್ಗಿಸಿ, "ನಗು ಬರ್ತೈತ್ರಿ ಸರ್. ಆದ್ರ ಈ ಸಲ ಹೋತಂದ್ರ ಹೋತು" ಎಂದಳು.

ಕಂಪ್ಲಿಯ ಮೈದಾನಕ್ಕೆ ಹೋಗಬಹುದಿತ್ತು. ಆದರೆ ಬಸ್ಸು ಬರುವ ಹೊತ್ತಿಗೆ ಬಿಸಿಲು ಏರಿರುತ್ತಿತ್ತು, ಮೈದಾನದ ತುಂಬ ಕ್ರಿಕೆಟ್ಟು. ಗದ್ದೆಯ ಬದುವಿನ ಮೇಲೆ ಓಡಿದರೆ ಕಾಲು ಉಳುಕುತ್ತದೆ. ಕಾಲುವೆ ದಾರಿಯೊಂದೇ ನೇರ, ಸಮತಟ್ಟು. ಆದ್ದರಿಂದ ಆ ಊರಿಗೇ ಹೋಗಿ ವಾದ ಮಂಡಿಸಬೇಕೆಂದು ತೀರ್ಮಾನಿಸಿದೆ. ಒಳ್ಳೆಯವರನ್ನು ಒಳ್ಳೆಯ ಮಾತಿನಿಂದ ಒಪ್ಪಿಸಬಹುದು ಎಂಬುದರಲ್ಲಿ ನನಗೆ ಅಂದೂ ನಂಬಿಕೆಯಿತ್ತು, ಇಂದೂ ಇದೆ.

ಕಾಲುವೆ ಸೇತುವೆಯ ಪಕ್ಕದ ಚಹಾದಂಗಡಿಯಲ್ಲಿ ಬೆಳಗಿನ ಹೊತ್ತು ಜನ ಸೇರುತ್ತಾರೆ. ಅವಳ ತಂದೆ ನನ್ನನ್ನು ಅಲ್ಲಿಗೆ ಕರೆದೊಯ್ದರು. ಅವಳೂ ಜೊತೆಗೆ ಬಂದಳು. ಟ್ರ್ಯಾಕ್ಟರಿನ ಯಜಮಾನರು ಬೆಂಚಿನ ಮೇಲೆ ಕುಳಿತಿದ್ದರು. ಅವಳು ದೊಡ್ಡಪ್ಪ ಎಂದು ಕರೆಯುವ ಹಿರಿಯರು. ಅತಿ ಹೆಚ್ಚು ಸಲ ಗಾಡಿ ನಿಲ್ಲಿಸಿದವರೂ ಅವರೇ.

"ಕುಂದ್ರಿ ಸರ್. ಚಾ ಕುಡೀರಿ, ಆಮ್ಯಾಲ ಭಾಷಣ" ಎಂದರು ಅಂಗಡಿಯ ಹೆಂಗಸು. ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

ನಾನು ಎದ್ದು ನಿಂತು ಹೇಳಿದೆ. ಓಟ ಬೇರೆ, ಅವಸರ ಬೇರೆ. ಈ ಎರಡಕ್ಕೂ ಎಷ್ಟು ದೂರವೆಂಬುದನ್ನು ಜಪಾನಿ ಮಾತಿನಲ್ಲಿ ಕಾಣಬಹುದು ಎಂದು ಹಶಿರು, ಇಸೊಗು, ಅವತೆರುಗಳನ್ನು ವಿವರಿಸಿದೆ; ಚಪ್ಪಲಿಯ ಉದಾಹರಣೆಗೆ ಎಲ್ಲರೂ ತಮ್ಮ ಕಾಲುಗಳನ್ನು ನೋಡಿಕೊಂಡರು. ನಿಮ್ಮ ಮಗಳು ಅವಸರದಲ್ಲಿಲ್ಲ, ಅವಳು ಕೇವಲ ಓಡುತ್ತಿದ್ದಾಳೆ. ನೀವು ತೋರುವ ಕಳಕಳಿಯೇ ಅವಳ ಕೊನೆಯ ಅವಕಾಶಕ್ಕೆ ಅಡ್ಡವಾಗುತ್ತಿದೆ ಎಂದು ಮುಗಿಸಿದೆ.

ದೊಡ್ಡಪ್ಪ ಬಟ್ಟಲು ಕೆಳಗಿಟ್ಟರು. "ಭಾಳ ಚಂದ ಹೇಳಿದ್ರಿ. ಈಗ ನಂದೊಂದು ಕೇಳ್ರಿ. ನಮ್ಮ ತಮ್ಮಗ ಹಾವು ಕಡದಾಗ ನಾನು ಇದ ದಾರ್ಯಾಗ ಓಡೀನಿ. ಒಂದು ಗಾಡಿ ಹಂಗ ಹೋತು. ಇನ್ನೊಂದೂ ಹಂಗ ಹೋತು. ಯಾರೋ ಪುಣ್ಯಾತ್ಮ ಒಬ್ಬ ನಿಲ್ಲಿಸಿದ. ಅಲ್ಲಿ ನೋಡ್ರಿ, ಮಡಿಗೆ ನೀರು ಕಟ್ಟಾಕತ್ತಾನಲ್ಲ, ಅವನ ನಮ್ಮ ತಮ್ಮ." ನಾವೆಲ್ಲ ಗದ್ದೆಯತ್ತ ನೋಡಿದೆವು. ಬನಿಯನ್ನು ತೊಟ್ಟ ಒಬ್ಬರು ಸಲಿಕೆಯಿಂದ ಮಣ್ಣು ಎಳೆಯುತ್ತಿದ್ದರು. "ಓಡೋರನ್ನ ನೋಡಿ ಕೇಳದಂಗ ಹೋಗ್ರಿ ಅಂದ್ರ, ನನ್ನ ಕೈಲೆ ಆಗಂಗಿಲ್ರಿ."

ಚರ್ಚೆಯ ವೇದಿಕೆಯಾಗಿದ್ದರೆ ಇದಕ್ಕೊಂದು ಖಂಡನೆ ಹುಡುಕುತ್ತಿದ್ದೆನೇನೋ. ಇಲ್ಲಿ ಹುಡುಕಲು ಮನಸ್ಸಾಗಲಿಲ್ಲ. ಇಂಥ ಊರು ಇರಬೇಕೆಂದೇ ಅಲ್ಲವೇ ನಾವೆಲ್ಲ ದುಡಿಯುವುದು? ಕಾಲುವೆಯ ನೀರು ತೂಬಿನಲ್ಲಿ ಸದ್ದು ಮಾಡುತ್ತಿತ್ತು.

ಆಗ ಆ ವಿದ್ಯಾರ್ಥಿನಿಯೇ ಬಾಯಿಬಿಟ್ಟಳು. "ಕೇಳ್ರಿ ದೊಡ್ಡಪ್ಪ. ಕೇಳಬ್ಯಾಡ್ರಿ ಅನ್ನಂಗಿಲ್ಲ ನಾನು. ಆದ್ರ ಗಾಡಿ ನಿಲ್ಲಿಸ್ಬ್ಯಾಡ್ರಿ. ಹೋಗೋ ಗಾಡ್ಯಾಗಿಂದನ ಕೇಳ್ರಿ."

"ಅವರು ಹೋಗಕೋಂತ ಕೇಳ್ತಾರ, ನೀನು ಓಡಕೋಂತ ದೊಡ್ಡೋರಿಗೆ ಜವಾಬು ಕೊಡ್ತಿ? ಚಲೋ ಕಲ್ತೀ ಬಿಡು ಹೊಸಪೇಟ್ಯಾಗ!" ಎಂದರು ಅಂಗಡಿಯ ಹೆಂಗಸು.

"ಅದಕ್ಕ ಹೇಳಾಕತ್ತೀನ್ರಿ. ಸರ್ ಹೇಳಿದ್ರಲ್ಲ, ಆ ಎರಡು ಮಾತು ಇಟ್ಕೊಳ್ಳೋಣ್ರಿ. ಅವು ನಮ್ಮ ಮಾತಲ್ಲ, ಅದರಾಗ ದೊಡ್ಡೋರಿಲ್ಲ ಸಣ್ಣೋರಿಲ್ಲ. ನೀವು ‘ಹಶಿರು?’ ಅನ್ರಿ. ನಾನು ‘ಹಶಿರು’ ಅಂದ್ರ ಸುಮ್ನ ಓಡಾಕತ್ತೀನಿ ಅಂತ. ‘ಇಸೊಗು’ ಅಂದ್ನೆಂದ್ರ ಮಾತ್ರ ನಿಲ್ಲಿಸ್ರಿ. ಆವಾಗ ನಾನೂ ಹತ್ತತೀನಿ, ಯಾರನ್ನ ಬೇಕಾದ್ರೂ ಹತ್ತಿಸ್ಕೊಳ್ರಿ."

ಹಿರಿಯರೊಡನೆ ಆಡುವ ಜಪಾನಿಯಲ್ಲಿ ಎಷ್ಟೊಂದು ವಿನಯದ ಮಡಿಕೆಗಳಿವೆಯೆಂದು ಅಷ್ಟರಲ್ಲಿ ಕಲಿತಿದ್ದ ನಾನು ಸುಮ್ಮನಿದ್ದೆ. ದೊಡ್ಡಪ್ಪ ಬಾಯಲ್ಲಿಯೇ ತಿರುಗಿಸಿ ನೋಡಿದರು.

"ಹಸ... ಹಸಿರ..."

"ಹಲ್ಲು ಉದುರೋ ಹೊತ್ನ್ಯಾಗ ಜಪಾನ್ ಬ್ಯಾರೆ!" ಎಂದರು ಅಂಗಡಿಯ ಹೆಂಗಸು. "ಹಶಿರು ಅನ್ರೀ ಯಜಮಾನ್ರ, ಹಶಿರು."

"ಲೇ ತಂಗೆವ್ವ, ನೀ ಚಾ ಸೋಸು" ಎಂದರು ಅವರು. ಆದರೆ ಎದ್ದು ಹೋಗುವಾಗ ಮತ್ತೊಮ್ಮೆ ಮೆಲ್ಲಗೆ ಅಂದುಕೊಂಡದ್ದು ನನಗೆ ಕೇಳಿಸಿತು. ಸರಿಯಾಗಿಯೇ ಇತ್ತು.

ಆ ಒಪ್ಪಂದ ನಿಂತಿತೋ ಇಲ್ಲವೋ ಎಂದು ನೋಡಲು ಕೆಲವು ವಾರಗಳ ಮೇಲೆ ನಸುಕಿನಲ್ಲಿ ಮತ್ತೆ ಆ ಸೇತುವೆಯ ಮೇಲೆ ನಿಂತೆ. ಭತ್ತದ ಗದ್ದೆಗಳ ಮೇಲೆ ಮಂಜು ಇತ್ತು. ದೂರದಿಂದ ಅವಳು ಬರುತ್ತಿದ್ದಳು. ಹಾಲಿನ ಬೈಕೊಂದು ಅವಳನ್ನು ಹಾಯ್ದು ಹೋಗುತ್ತ "ಹಶಿರು?" ಎಂದಿತು. ಅವಳು ಕೈ ಎತ್ತಿ "ಹಶಿರು!" ಎಂದಳು. ಬೈಕು ವೇಗ ತಗ್ಗಿಸಲಿಲ್ಲ. ಹಿಂದೆ ಬಂದ ಆಟೋದಿಂದ ಹೆಣ್ಣಾಳುಗಳೆಲ್ಲ ಒಟ್ಟಿಗೆ ಕೂಗಿ ಕೇಳಿದರು. ಅವರಿಗೆ ಕಳಕಳಿಗಿಂತ ಆ ಪದವನ್ನು ಕೂಗುವ ಸಂತೋಷವೇ ಹೆಚ್ಚಾಗಿತ್ತೆಂದು ತೋರಿತು.

ಅವಳ ಬೆನ್ನಿಗೆ ಒಂದು ಟ್ರ್ಯಾಕ್ಟರು ದೀಪ ಹಾಕಿಕೊಂಡು, ಅವಳಷ್ಟೇ ವೇಗದಲ್ಲಿ ಬರುತ್ತಿತ್ತು. ಸೇತುವೆಯ ಬಳಿ ನನ್ನನ್ನು ಕಂಡು ದೊಡ್ಡಪ್ಪ ಒಂದು ಕೈ ಎತ್ತಿ ನಮಸ್ಕರಿಸಿದರು.

"ಯಜಮಾನರೇ, ಮಾತು ಕೊಟ್ಟಿದ್ದಿರಿ" ಎಂದೆ.

"ನಿಲ್ಲಿಸಬ್ಯಾಡ ಅಂದಿದ್ರಿ ಸರ್. ಹಿಂದ ಬರಬ್ಯಾಡ ಅಂದಿಲ್ಲ!" ಎಂದು ಗೇರು ಬದಲಿಸಿ ಮುಂದೆ ಹೋದರು. ಇಷ್ಟು ಚುರುಕಾದ ಉತ್ತರವನ್ನು ಕಾಲೇಜಿನ ಯಾವ ಸ್ಪರ್ಧೆಯಲ್ಲೂ ನಾನು ಕೇಳಿರಲಿಲ್ಲ. ಅವಳಿಗೂ ಅದರಿಂದ ಲಾಭವೇ ಆಯಿತು. ಅವರು ದಿನಕ್ಕಿಷ್ಟು ಎಂದು ವೇಗ ಏರಿಸುತ್ತಿದ್ದರಂತೆ; ಹಿಂದೆ ಗುಡುಗುವ ಎಂಜಿನ್ನಿಗೆ ಹೆದರಿ ಅವಳೂ ಏರಿಸುತ್ತಿದ್ದಳಂತೆ.

ಕಮಲಾಪುರದ ಕಟ್ಟೆಯಲ್ಲಿ ಇದನ್ನೆಲ್ಲ ಹೇಳಿದಾಗ ಶಿಕ್ಷಕಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಹಿರಿಯರಿಗೆ ಹಾಗೆ ಬರಿಯ ಒಂದು ಪದವನ್ನು ಎಸೆದರೆ ಅವರ ಊರಿನಲ್ಲಿ ತಾಯಂದಿರು ಬೈಯುತ್ತಾರಂತೆ. ನಗು ನಿಂತ ಮೇಲೆ ಹೇಳಿದರು: "ಎಷ್ಟೋ ವರ್ಷದಿಂದ ನಾನು ಹೊಳೆಯ ದಂಡೆಯಲ್ಲಿ ಓಡುತ್ತಿದ್ದೇನೆ. ಯಾರೂ ಏನೂ ಕೇಳಿಲ್ಲ." ದೂರಿನ ದನಿಯಲ್ಲಿ ಹೇಳಲಿಲ್ಲ. ಇದ್ದದ್ದನ್ನು ಹೇಳಿದರು, ಅಷ್ಟೇ. ಆಮೇಲೆ ಗಾಳಿಯ ಪದಗಳನ್ನು ಶುರುಮಾಡಿದರು.

ಪರೀಕ್ಷೆ ನಡೆದದ್ದು ಬಳ್ಳಾರಿಯ ಒಂದು ಮೈದಾನದಲ್ಲಿ. ಅಭ್ಯರ್ಥಿಗಳ ಹೊರತು ಯಾರನ್ನೂ ಒಳಗೆ ಬಿಡಲಿಲ್ಲ. ಅವಳ ತಂದೆಯೂ ನಾನೂ ಕಾಂಪೌಂಡಿನ ಹೊರಗೆ ಬೇವಿನ ಮರದ ಕೆಳಗೆ ನಿಂತೆವು. ಗೋಡೆ ಎತ್ತರ, ಒಳಗಿನದೇನೂ ಕಾಣದು. ಸೀಟಿಯ ಸದ್ದು, ಹೆಜ್ಜೆಗಳ ಸದ್ದು, ಮತ್ತೆ ಸೀಟಿ. ಓಟದಲ್ಲಿ ಹಿಂದುಳಿದವರನ್ನು ಕೂಡಲೇ ಪಕ್ಕದ ಸಣ್ಣ ಗೇಟಿನಿಂದ ಹೊರಗೆ ಕಳಿಸುತ್ತಿದ್ದರು. ಗೆದ್ದವರು ಉದ್ದಜಿಗಿತ, ಗುಂಡೆಸೆತಗಳಿಗಾಗಿ ಒಳಗೇ ಉಳಿಯುತ್ತಿದ್ದರು. ಹಾಗಾಗಿ ನಾವು ನಮ್ಮ ಹುಡುಗಿಯ ದಾರಿ ಕಾಯುತ್ತಿದ್ದೆವು, ಆದರೆ ಅವಳು ಬಾರದಿರಲೆಂದು.

ಸಣ್ಣ ಗೇಟು ತೆರೆದಾಗಲೆಲ್ಲ ತಂದೆ ಮುಖ ತಿರುಗಿಸುತ್ತಿದ್ದರು. "ನೀವು ನೋಡ್ರಿ ಸರ್. ನನಗ ಆಗವಲ್ದು."

ಹೊರಬಂದವರಲ್ಲಿ ಒಬ್ಬಳು ಬೂಟು ಕೈಯಲ್ಲಿ ಹಿಡಿದಿದ್ದಳು. ಒಬ್ಬಳು ಫೋನಿನಲ್ಲಿ ಯಾರಿಗೋ "ಇಲ್ಲಮ್ಮ, ಆಗಲಿಲ್ಲ" ಎನ್ನುತ್ತಿದ್ದಳು. ನಮ್ಮವಳು ಇರಲಿಲ್ಲ.

"ಬರಲಿಲ್ಲ ಅಂದ್ರ ಚಲೋ ಹೌದಲ್ರಿ?"

"ಹೌದು."

"ಅಲ್ಲೇ ಎಲ್ಯಾರ ಬಿದ್ದು ಗಿದ್ದು..."

"ಬಿದ್ದಿದ್ದರೆ ಹೇಳುತ್ತಿದ್ದರು."

"ಹೌದ್ರಿ. ಹೇಳ್ತಿದ್ರು." ಅವರು ಬೇವಿನ ಬುಡದಲ್ಲಿ ಕುಳಿತರು, ಎದ್ದರು, ಮತ್ತೆ ಕುಳಿತರು. ಚಹಾ ತರಿಸಿದರೆ ಕುಡಿಯಲಿಲ್ಲ. ಬಿಸಿಲು ಮರದ ಈ ಬದಿಯಿಂದ ಆ ಬದಿಗೆ ಸರಿಯಿತು. ಮಧ್ಯಾಹ್ನ ಕಳೆದ ಮೇಲೆ ದೊಡ್ಡ ಗೇಟು ತೆರೆಯಿತು. ಅವಳು ಬಂದಳು, ಜಿಗಿತದ ಗುಂಡಿಯ ಮರಳು ಮೊಣಕಾಲವರೆಗೂ ಮೆತ್ತಿತ್ತು. ತಂದೆ ಏನೂ ಕೇಳದೆ ಹೆಗಲ ಮೇಲಿನ ಟವೆಲ್ಲು ತೆಗೆದು ಕೊಟ್ಟರು. ಅವಳು ಮುಖ ಒರೆಸಿಕೊಂಡು, "ಎಲ್ಲಾ ಆತಪ್ಪ. ಹಸಿವಿ ಆಗೈತಿ" ಎಂದಳು.

ನೇಮಕಾತಿ ಆಯಿತು. ತರಬೇತಿ ಮುಗಿದ ಮೇಲೆ ಅವಳಿಗೆ ಸಂಡೂರಿನ ಗುಡ್ಡಗಳ ಕಡೆಯೇ ಕೆಲಸ ಸಿಕ್ಕಿತು. ಕಳೆದ ಮಳೆಗಾಲದ ಕೊನೆಯಲ್ಲಿ ನಾನು ಆ ಕಡೆ ಹೋಗಿದ್ದಾಗ, ತನ್ನ ಗಸ್ತಿನ ದಾರಿಯನ್ನು ಸ್ವಲ್ಪ ದೂರ ತೋರಿಸುತ್ತೇನೆಂದು ಕರೆದೊಯ್ದಳು. ಖಾಕಿ ಅವಳಿಗೆ ಒಪ್ಪುತ್ತಿತ್ತು. ಕೆಂಪು ಮಣ್ಣಿನ ಕಾಲುದಾರಿ, ಎರಡೂ ಬದಿಗೆ ಎದೆಯೆತ್ತರದ ಹುಲ್ಲು. ನನಗೆ ಬಸ್ಸಿನ ಚಿಂತೆಯಿತ್ತು. ಹೆಜ್ಜೆ ಬೇಗ ಹಾಕುತ್ತಿದ್ದೆ.

"ಸಾವಕಾಶ ಬರ್ರಿ ಸರ್" ಎಂದಳು. "ಇಲ್ಲಿ ಓಡೋದ ಇಲ್ರಿ. ಬ್ಯಾಸಗ್ಯಾಗ ಬೆಂಕಿ ಬಿದ್ರ ಮಾತ್ರ. ಉಳಿದದ್ದೆಲ್ಲಾ ನಡಿಯೋದ ಕೆಲಸ. ಜೋರು ನಡದ್ರ ಏನೂ ಕಾಣಂಗಿಲ್ಲ ಅಂತಾರ ನಮ್ಮ ಸಾಹೇಬ್ರು."

"ಮತ್ತೆ ಅಷ್ಟೆಲ್ಲ ಓಡಿಸಿದ್ದು ಯಾಕಂತೆ?"

"ಅವರನ್ನ ಕೇಳ್ರಿ ಸರ್, ನೀವು ಡಿಬೇಟ್ ಮಾಡೋರು" ಎಂದು ನಕ್ಕಳು.

ತಿರುವೊಂದರಲ್ಲಿ ಅವಳು ಅಂಗೈ ಅಡ್ಡ ಹಿಡಿದು ನನ್ನನ್ನು ತಡೆದಳು. ಹಳ್ಳದ ಅಂಚಿನ ಹಸಿಮಣ್ಣಿನಲ್ಲಿ ಹೆಜ್ಜೆ ಗುರುತು, ಮುಂದೆ ಉಗುರುಗಳ ಗೀರು. ಕರಡಿ, ಎಂದು ತುಟಿ ಅಲುಗಿಸಿದಳು. ಗುರುತಿನ ಅಂಚು ಇನ್ನೂ ಒಣಗಿರಲಿಲ್ಲ. ನೀರು ಅದರೊಳಕ್ಕೆ ಮೆಲ್ಲನೆ ಇಳಿಯುತ್ತಿತ್ತು. ಅವಳು ಹುಲ್ಲಿನತ್ತ ಕಿವಿಗೊಟ್ಟು ನಿಂತಳು. ನಾನೂ ನಿಂತೆ. ಎಷ್ಟು ಹೊತ್ತು ನಿಂತೆವೋ, ನಾನು ಗಡಿಯಾರ ನೋಡಲಿಲ್ಲ. ಕೊನೆಗೆ ಅವಳು ಕೈ ಇಳಿಸಿ, "ಹೋತ್ರಿ, ಬರ್ರಿ" ಎಂದು ಹಳ್ಳ ದಾಟಿದಳು.